ಮದುವೆಗೆ ಐದು, ಮುಂಜಿವೆಗೆ ಎರಡೂವರೆ

ಜಾತ್ರೆ ಹತ್ತಿರ ಬಂತೆಂದರೆ ಪಟ್ಟಿ ಎತ್ತುವವರು ಬಾಗಿಲಿಗೆ ಬರುತ್ತಾರೆ. ಈ ಸಲ ಸಿಂದಗಿಯ ನಮ್ಮ ಓಣಿಗೆ ಬಂದ ಹಿರಿಯರೊಬ್ಬರು ರಸೀದಿ ಹರಿಯುತ್ತ, "ಹಿಂದಕ ಚೊಲೊ ಇತ್ರಿ. ರಾಜರು ಗುಡಿ ಕಟ್ಟಸ್ತಿದ್ರು, ಮಂದೀಗೆ ಕೈ ಚಾಚೂದು ಇರಲಿಲ್ಲ" ಅಂದರು. ಕಲ್ಲಿನ ಬರಹದ ಹುಚ್ಚು ಹತ್ತಿದವನಿಗೆ ಇಷ್ಟು ಸಾಕಲ್ಲ! ಕಟ್ಟೆಯ ಮೇಲೆ ಕೂಡಿಸಿಕೊಂಡು ಸಾಲೋಟಗಿಯ ಶಾಸನ ಕಂಬದ ಕತೆ ಹೇಳಿದೆ.

ಸಾಲೋಟಗಿ ಇಂಡಿ ತಾಲ್ಲೂಕಿನ ಊರು. ಆಗಿನ ಹೆಸರು ಪಾವಿಟ್ಟಗೆ. ಕ್ರಿ.ಶ. 945ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲೊಂದು ಶಾಲೆ ಕಟ್ಟಿಸಿದ. ಬ್ರಹ್ಮ, ವಿಷ್ಣು, ಶಿವ ಮೂವರೂ ಇದ್ದ ತ್ರಯೀಪುರುಷ ದೇವರ ನೆರಳಲ್ಲಿ, ದೇಶದೇಶದ ಹುಡುಗರು ಬಂದು ಓದುತ್ತಿದ್ದರು. ಅವರ ವಾಸಕ್ಕೆ 27 ಮನೆ. ಕಟ್ಟಿದ ಕೀರ್ತಿ ಮಂತ್ರಿಗೆ ಹೋಯಿತು, ಹೋಗಲಿ. ಆದರೆ ದಿನಾ ದೀಪ ಹಚ್ಚಬೇಕು, ಉಪಾಧ್ಯಾಯನ ಹೊಟ್ಟೆ ತುಂಬಬೇಕು. ಅದಕ್ಕೆ 500 ನಿವರ್ತನ ಭೂಮಿ ಬಿಟ್ಟರು. ಅಧ್ಯಾಪಕನಿಗೆ 50 ನಿವರ್ತನ, ದೀಪಕ್ಕೆಂದೇ 12.

ನನಗೆ ರುಚಿಸುವುದು ಮುಂದಿನ ಸಾಲುಗಳು. ಊರ ಬ್ರಾಹ್ಮಣರ ಮನೆಯಲ್ಲಿ ಮದುವೆಯಾದರೆ 5 ನಾಣ್ಯ, ಮುಂಜಿವೆಗೆ ಎರಡೂವರೆ, ಚೌಲಕ್ಕೆ ಒಂದೂಕಾಲು ಶಾಲೆಗೆ ಸಲ್ಲಬೇಕು. ಊಟ ಹಾಕಿಸಿದರೆ ಶಾಲೆಯವರನ್ನೂ ಶಕ್ತಿಯಿದ್ದಷ್ಟು ಕರೆಯಬೇಕು. ಅರ್ಧ ಅರ್ಧಕ್ಕೆ ಇಳಿಯುವ ಈ ಲೆಕ್ಕ ಹಾಕಿದವನು ಮಂದಿಯ ಮನಸ್ಸು ಬಲ್ಲವನೇ ಇರಬೇಕು: ಸಂಭ್ರಮದ ದಿನ ಜೇಬಿನ ಗಂಟು ಸಡಿಲಿರುತ್ತದೆ.

ರಾಜರು ಕೊಡಲಿಲ್ಲವೆಂದಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಚಾಲುಕ್ಯ ಎರಡನೆಯ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿಯೇ ಕಟ್ಟಿಸಿದ್ದು. ಆದರೆ ಶಾಸನಗಳನ್ನು ಓದುತ್ತ ಹೋದರೆ ಅರಸರ ಬಿರುದುಗಳು ಮುಗಿದ ಮೇಲೆ ಸಿಗುವವರು ಬೇರೆ: ಗಾಣಕ್ಕಿಷ್ಟು ಎಣ್ಣೆ ಬಿಟ್ಟ ಗಾಣಿಗರು, ಹೇರಿಗಿಷ್ಟು ಎಲೆ ಕೊಟ್ಟ ಎಲೆ ವ್ಯಾಪಾರಿಗಳು, ಐಹೊಳೆಯ ಐನೂರ್ವರೆಂಬ ವರ್ತಕ ಬಳಗದ ಸೆಟ್ಟಿಗಳು. ಬಿರುದಿನ ಭಾಗ ಬೇಸರ ಬರಿಸುತ್ತದೆ. ಎಣ್ಣೆಯ ಲೆಕ್ಕಕ್ಕೆ ಬಂದಾಗ ನಾನು ಕನ್ನಡಕ ಒರೆಸಿಕೊಳ್ಳುತ್ತೇನೆ.

ಯುರೋಪಿನ ದೊಡ್ಡ ಇಗರ್ಜಿಗಳ ಕತೆಯೂ ಹೀಗೇ. ಫ್ರಾನ್ಸಿನ ರೂಆಂ ನಗರದ ಇಗರ್ಜಿಗೆ 'ಬೆಣ್ಣೆ ಗೋಪುರ' ಎಂಬುದೊಂದಿದೆ. ಈಸ್ಟರ್ ಮುಂಚಿನ ಉಪವಾಸದ ದಿನಗಳಲ್ಲಿ ಬೆಣ್ಣೆ ತಿನ್ನಲು ಅಪ್ಪಣೆ ಬೇಡಿದವರು ಕೊಟ್ಟ ಕಾಸಿನಿಂದ ಅದು ಎದ್ದಿತಂತೆ. ನಮ್ಮವರು ಉಣ್ಣಿಸಿ ಕೊಟ್ಟರು, ಅವರು ಉಣ್ಣಲು ಕೊಟ್ಟರು.

ಇಷ್ಟು ಕೇಳಿದ ಹಿರಿಯರು, "ಹಂಗಾದ್ರ ಮನಿ ಮದುವಿ ಯಾವಾಗ್ರಿ?" ಅಂದು ರಸೀದಿಯಲ್ಲಿ ನೂರರ ಜಾಗಕ್ಕೆ ಐನೂರು ಬರೆದರು. ಕೊಟ್ಟೆ.

ಒಂದು ಮಾತು. ನಿಮ್ಮೂರ ಹಣಮಪ್ಪನ ಗುಡಿಯ ಮುಂದೆ ಅಕ್ಷರದ ಕಲ್ಲು ನಿಂತಿದ್ದರೆ ಅದಕ್ಕೆ ಆಯಿಲ್ ಪೇಂಟ್ ಬಳಿಯಬೇಡಿ. ಬಳಿಯುವವರನ್ನು ಕಂಡರೆ ತಡೆಯಿರಿ.