ದಾತಾನನ ಮುಖ

ಪಾತ್ರಕ್ಕೆ ತಕ್ಕ ನಟನನ್ನು ಆರಿಸುವುದೆಂದರೆ ತಕ್ಕ ರೂಪವನ್ನು ಹುಡುಕುವುದೆಂದೇ ಸಾಮಾನ್ಯ ತಿಳಿವಳಿಕೆ. ಸೆಸಿಲ್ ಬಿ. ಡಿಮಿಲ್ಲರ ‘ದಿ ಟೆನ್ ಕಮಾಂಡ್‌ಮೆಂಟ್ಸ್’ (1956) ಚಿತ್ರದ ನಾಯಕನ ಮಟ್ಟಿಗೆ ಅದು ನಿಜ. ಚಾರ್ಲ್‌ಟನ್ ಹೆಸ್ಟನ್ನರ ಮುಖಕ್ಕೆ ಮೈಕೆಲೇಂಜೆಲೋ ಕಡೆದ ಮೋಶೆಯ ಹೋಲಿಕೆಯಿದ್ದುದು ಡಿಮಿಲ್ಲರನ್ನು ಸೆಳೆದಿತ್ತು. ಆ ಶಿಲ್ಪಸದೃಶ ಮೋಶೆಗೆ ಕೈ ಮುಗಿಯಬಹುದು. ಅವನ ಅಂತರಂಗ ನಮಗೆ ತಿಳಿಯದು. ನಮ್ಮ ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ಅಲ್ಲಿರುವುದು ವಾಚ್ಯಾರ್ಥ ಮಾತ್ರ. ಧ್ವನಿಯಿರುವುದು ದಾತಾನನ ಪಾತ್ರದಲ್ಲಿ.

ಬೈಬಲಿನ ಅರಣ್ಯಕಾಂಡದಲ್ಲಿ ದಾತಾನನು ಮೋಶೆಯ ವಿರುದ್ಧ ದಂಗೆಯೆದ್ದು, ಬಾಯ್ದೆರೆದ ಭೂಮಿಯ ಪಾಲಾದವನು. ಚಿತ್ರವು ಅವನನ್ನು ಸ್ವಜನರ ಗುಟ್ಟನ್ನು ಫರೋಹನ ಮನೆತನಕ್ಕೆ ಮಾರುವ ಚಾಡಿಕೋರನನ್ನಾಗಿ ಬೆಳೆಸಿದೆ. ಆ ವೇಷ ಧರಿಸಿದವರು ಎಡ್ವರ್ಡ್ ಜಿ. ರಾಬಿನ್ಸನ್.

ರಾಬಿನ್ಸನ್ 1893ರಲ್ಲಿ ಬುಖಾರೆಸ್ಟಿನ ಯೆಹೂದಿ ಮನೆಯಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕವನ್ನು ಸೇರಿದವರು; ‘ಲಿಟ್ಲ್ ಸೀಸರ್’ (1931) ಚಿತ್ರದ ಪಾತಕಿಯಾಗಿ ಹೆಸರಾದವರು. ಕಮ್ಯೂನಿಸ್ಟರ ಬೇಟೆಯ ದಿನಗಳಲ್ಲಿ ಅಮೆರಿಕದ ಶಾಸನಸಭೆಯ ವಿಚಾರಣಾ ಸಮಿತಿಯ ಮುಂದೆ ಮತ್ತೆ ಮತ್ತೆ ನಿಂತು, 1952ರಲ್ಲಿ ತಾವು ಮೋಸಹೋದುದಾಗಿ ಒಪ್ಪಿ, ಕೆಲವರ ಹೆಸರುಗಳನ್ನೂ ಹೇಳಿದರು. ದೊಡ್ಡ ಚಿತ್ರಗಳ ಬಾಗಿಲು ಅವರಿಗೆ ಮುಚ್ಚಿತ್ತು. ಅದನ್ನು ತೆರೆದವರು ಕಮ್ಯೂನಿಸ್ಟ್ ವಿರೋಧಿಯೆಂದೇ ಖ್ಯಾತರಾದ ಡಿಮಿಲ್.

ಆದರೆ ಕೊಟ್ಟ ಪಾತ್ರ ಚಾಡಿಕೋರನದು! ಇದು ಉಪಕಾರವೋ, ಗಾಯದ ಮೇಲೆ ಎಳೆದ ಬರೆಯೋ? ಡಿಮಿಲ್ಲರ ಮನಸ್ಸಿನಲ್ಲಿ ಏನಿತ್ತೆಂದು ಊಹಿಸುವುದು ವಿಮರ್ಶೆಯ ಕೆಲಸವಲ್ಲ. ರಾಬಿನ್ಸನ್ನರಂತೂ, ತಮಗೆ ಆತ್ಮಗೌರವವನ್ನು ಮರಳಿಸಿದವರೆಂದು ಆತ್ಮಕಥೆಯಲ್ಲಿ ಅವರನ್ನು ನೆನೆದಿದ್ದಾರೆ.

ನನಗೆ ಮುಖ್ಯವಾದುದು ತೆರೆಯ ಮೇಲಿನ ಫಲ. ಗುಟ್ಟು ಮಾರುವಾಗ ಈ ದಾತಾನ್ ಅಬ್ಬರಿಸುವುದಿಲ್ಲ. ಸರಕಿಗೆ ಬೆಲೆ ಕಟ್ಟುವ ವರ್ತಕನಂತೆ ಚೌಕಾಸಿ ಮಾಡುತ್ತಾನೆ. ಮುಂದೆ, ಚೊಚ್ಚಲುಗಳು ಸಾಯುವ ರಾತ್ರಿ, ದಾತಾನನ ವಶದಲ್ಲಿರುವ ಲಿಲಿಯಾಳನ್ನು ಉಳಿಸಲೆಂದು ಯೆಹೋಶುವನು ಅವನ ಬಾಗಿಲಿಗೆ ಕುರಿಮರಿಯ ರಕ್ತ ಬಳಿಯುತ್ತಾನೆ. ಬೆಳಗಾದೊಡನೆ ಆ ಗುರುತನ್ನೇ ಹಿಡಿದು ಸೈನಿಕರು ದಾತಾನನನ್ನು ಮನೆಯಿಂದ ಹೊರಡಿಸುತ್ತಾರೆ. ಕುಲವನ್ನು ಮಾರಿದವನು ಕುಲದ ಹೆಸರಿನಿಂದಲೇ ಮನೆ ಕಳೆದುಕೊಳ್ಳುತ್ತಾನೆ. ಆ ಗಲಿಬಿಲಿಗೊಂಡ ಮುಖದಲ್ಲಿ ನನಗೆ ಕಂಡವನು ಬರಿಯ ಖಳನಲ್ಲ. ಎರಡು ಕಡೆಗೂ ಸಲ್ಲದೆ ಹೋದ ಮನುಷ್ಯ. ಸಂಭಾಷಣೆಯಲ್ಲಿ ಇಲ್ಲದ ಈ ಅರ್ಥವನ್ನು ನಟನ ಬದುಕು ತುಂಬಿದೆ.

ಈ ಚಿತ್ರಕ್ಕೆ ದೊರೆತ ಏಕೈಕ ಆಸ್ಕರ್ ಕೆಂಪು ಸಮುದ್ರವನ್ನು ಸೀಳಿದಂಥ ಚಮತ್ಕಾರಗಳಿಗೆ. ನಟವರ್ಗದಲ್ಲಿ ಒಬ್ಬರ ಹೆಸರೂ ಸೂಚಿತವಾಗಲಿಲ್ಲ. ಚಿತ್ರವನ್ನು ಮತ್ತೊಮ್ಮೆ ನೋಡುವ ಸಹೃದಯರು ಸಮುದ್ರಕ್ಕಿಂತ ಮೊದಲು ಆ ಬಾಗಿಲ ಬಳಿ ಕ್ಷಣಕಾಲ ನಿಲ್ಲಲಿ.