ಮಂಡಿ ನೋವಿಗೆ ನೆಲವನ್ನು ದೂರುವ ಮೊದಲು

ಅಹಮದಾಬಾದಿನಲ್ಲಿ ಓಡುವವರಿಗೆ ಸಾಬರಮತಿ ರಿವರ್‌ಫ್ರಂಟಿನಷ್ಟು ಒದಗಿಬಂದ ಜಾಗ ಬೇರೊಂದಿಲ್ಲ. ವಾಸ್ತುಶಿಲ್ಪಿ ಬಿಮಲ್ ಪಟೇಲರ ಸಂಸ್ಥೆ ರೂಪಿಸಿದ ಈ ನದೀದಂಡೆಯ ಕೆಲಸ 2005ರಲ್ಲಿ ಶುರುವಾಗಿ, 2012ರಿಂದ ಜನರಿಗೆ ತೆರೆದುಕೊಂಡಿತು. ನೀರಿನ ಮಗ್ಗುಲಿಗೇ ಸಾಗುವ ಕೆಳಗಿನ ಪಥ ಎರಡೂ ದಡಗಳಲ್ಲಿ ತಲಾ ಸುಮಾರು 11 ಕಿ.ಮೀ. ಇದೆ. ವಾಹನಗಳ ಕಾಟವಿಲ್ಲ, ಸಿಗ್ನಲ್ ಇಲ್ಲ. ಇಷ್ಟಿದ್ದೂ ಅಲ್ಲಿ ಓಡಿ ಮಂಡಿ ನೋಯಿಸಿಕೊಂಡವರು ಬೊಟ್ಟು ಮಾಡುವುದು ಕಾಲಡಿಯ ಕಾಂಕ್ರೀಟಿನ ಕಡೆಗೇ. ವಡೋದರಾದಲ್ಲಿ ಇದೇ ದೂರು ಡಾಂಬರಿನ ಮೇಲೆ, ಸೂರತ್‌ನಲ್ಲಿ ಡುಮಸ್ ರಸ್ತೆಯ ಮೇಲೆ. ಗಟ್ಟಿ ನೆಲ ಮಂಡಿಯನ್ನು ಸವೆಸಿಬಿಡುತ್ತದೆ ಎಂಬ ಮಾತು ಎಷ್ಟು ಬೇರೂರಿದೆಯೆಂದರೆ, ಅದನ್ನು ನಂಬಿ ಕೆಲವರು ದುಬಾರಿ ಶೂ ಕೊಳ್ಳುತ್ತಾರೆ, ಕೆಲವರು ಓಟವನ್ನೇ ಬಿಡುತ್ತಾರೆ. ನೋವು ನಿಜ, ಅದರಲ್ಲಿ ಅನುಮಾನವಿಲ್ಲ. ಆದರೆ ಅದಕ್ಕೆ ಹೊಣೆ ನೆಲಕ್ಕಿಂತ ಹೆಚ್ಚಾಗಿ ಈ ಊರುಗಳಲ್ಲಿ ಓಟ ಆರಂಭವಾಗುವ ರೀತಿಯದು ಎಂಬುದು ನನ್ನ ವಾದ.

ಮೊದಲು ನೋವಿನ ನಡವಳಿಕೆಯನ್ನೇ ಗಮನಿಸಬೇಕು. ಓಡುವವರಲ್ಲಿ ಹೆಚ್ಚಾಗಿ ಕಾಣುವುದು ಮಂಡಿಚಿಪ್ಪಿನ ಸುತ್ತ ಅಥವಾ ಅದರ ಹಿಂದೆ ಹುಟ್ಟುವ ನೋವು. ಸಮತಟ್ಟಾದ ಪಥದಲ್ಲಿ ಮೂರು ಕಿಲೋಮೀಟರ್ ಸಲೀಸಾಗಿ ಓಡಿದವರು ಮೆಟ್ಟಿಲು ಇಳಿಯುವಾಗ ಹಿಡಿಯಲು ಕಂಬಿ ಹುಡುಕುತ್ತಾರೆ. ಸಿನಿಮಾ ಮಂದಿರದಲ್ಲಿ ಮೂರು ಗಂಟೆ ಮಂಡಿ ಮಡಚಿ ಕೂತು ಏಳುವಾಗ ಮುಖ ಹಿಂಡುತ್ತಾರೆ. ಸಿನಿಮಾ ಕುರ್ಚಿಯಲ್ಲಿ ಕಾಂಕ್ರೀಟಿನ ಪೆಟ್ಟು ಎಲ್ಲಿಂದ ಬಂತು? ಮಡಿಸಿದ ಮಂಡಿಯಲ್ಲಿ ಚಿಪ್ಪು ತೊಡೆಮೂಳೆಗೆ ಒತ್ತಿಕೊಳ್ಳುತ್ತದೆ, ಆ ಒತ್ತಡ ತಾಳಿಕೊಳ್ಳುವ ಶಕ್ತಿ ಮೀರಿದೆ ಎಂಬುದೇ ಈ ನೋವಿನ ಸೂಚನೆ. ಇನ್ನು ಪೆಟ್ಟಿನ ವಿಚಾರಕ್ಕೆ ಬಂದರೆ, ನಮ್ಮ ಕಾಲು ಜಡವಾದ ಕಂಬವಲ್ಲ, ಬಿಗಿ ಬದಲಿಸಬಲ್ಲ ಸ್ಪ್ರಿಂಗು. ನೆಲ ಗಟ್ಟಿಯಿದ್ದರೆ ಕಾಲು ತುಸು ಸಡಿಲಗೊಳ್ಳುತ್ತದೆ, ನೆಲ ಮೆತ್ತಗಿದ್ದರೆ ಬಿಗಿಯಾಗುತ್ತದೆ. ಡೇನಿಯಲ್ ಫೆರಿಸ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಳೆದು ತೋರಿಸಿತು: ನೆಲದ ಗಟ್ಟಿತನ ಬದಲಾದರೂ ಓಡುವವರ ದೇಹದ ಏರಿಳಿತ ಹೆಚ್ಚುಕಡಿಮೆ ಒಂದೇ ತೆರನಾಗಿತ್ತು, ಏಕೆಂದರೆ ಆ ವ್ಯತ್ಯಾಸವನ್ನು ಕಾಲೇ ಸರಿದೂಗಿಸುತ್ತಿತ್ತು.

ಹಾಗಾದರೆ ಶಕ್ತಿ ಮೀರುವುದು ಹೇಗೆ? ಉತ್ತರ ಕ್ಯಾಲೆಂಡರಿನಲ್ಲಿದೆ. 2017ರಿಂದ ನಡೆಯುತ್ತಿರುವ ಅಹಮದಾಬಾದ್ ಮ್ಯಾರಥಾನ್ ಬರುವುದು ನವೆಂಬರ್ ಕೊನೆಗೆ. ವಡೋದರಾದ್ದೂ ಚಳಿಗಾಲದ ಓಟವೇ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು, ಆಮೇಲೆ ಮಳೆಗಾಲ. ಅಷ್ಟೂ ತಿಂಗಳು ಹಲವರ ಕಾಲು ಸುಮ್ಮನಿರುತ್ತದೆ. ನವರಾತ್ರಿ, ದೀಪಾವಳಿ ಮುಗಿದ ಮೇಲೆ ಒಮ್ಮೆಲೇ ಓಟ ಶುರು. ಓಡಲು ಇಳಿಯುವ ದೇಹ ಎಂಥದ್ದು ಎಂಬುದನ್ನೂ ನೋಡಬೇಕು. ಸೂರತ್‌ನ ವಜ್ರದ ಕುಶಲಕರ್ಮಿ ಇಡೀ ದಿನ ಘಂಟಿ ಎಂಬ ಉಜ್ಜುವ ಚಕ್ರದ ಮುಂದೆ ಕೂತು ಹರಳು ಉಜ್ಜುತ್ತಾನೆ, ಜವಳಿ ವ್ಯಾಪಾರಿ ಗಾದಿಯ ಮೇಲೆ, ಕಚೇರಿಯವರು ಕುರ್ಚಿಯ ಮೇಲೆ. ಮಂಡಿಯನ್ನು ಹಿಡಿದು ನಿಲ್ಲಿಸಬೇಕಾದ ತೊಡೆ ಮತ್ತು ಸೊಂಟದ ಸ್ನಾಯುಗಳಿಗೆ ಅಲ್ಲಿ ಕೆಲಸವೇ ಇಲ್ಲ. ಇದರ ಜೊತೆಗೆ ಇನ್ನೊಂದು ಸಂಗತಿ ಸೇರಿ ಅಪಾಯ ಹೆಚ್ಚುತ್ತದೆ: ಓಡತೊಡಗಿದ ಕೆಲವೇ ವಾರಗಳಲ್ಲಿ ಉಸಿರು ಹದಕ್ಕೆ ಬರುತ್ತದೆ, ಆದರೆ ಸ್ನಾಯುರಜ್ಜು, ಮೂಳೆ, ಮೃದ್ವಸ್ಥಿ ಗಟ್ಟಿಯಾಗಲು ತಿಂಗಳುಗಳೇ ಬೇಕು. ಎದೆ ಇನ್ನೂ ಓಡು ಎನ್ನುತ್ತಿರುವಾಗಲೇ ಮಂಡಿ ಸಾಕು ಎಂದಿರುತ್ತದೆ. ನವರಾತ್ರಿಯ ಗರ್ಬಾ ಕುಣಿತ ಇದಕ್ಕೆ ಒಳ್ಳೆಯ ಸಾಕ್ಷಿ. ವಡೋದರಾದಲ್ಲಿ ಎಷ್ಟೋ ಮಂದಿ ಮಣ್ಣಿನ ಮೈದಾನದಲ್ಲಿ ಬರಿಗಾಲಲ್ಲೇ ಕುಣಿಯುತ್ತಾರೆ; ಕಾಂಕ್ರೀಟಿನ ಸೋಂಕೂ ಇಲ್ಲದ ಆ ನೆಲದಲ್ಲೂ ಒಂಬತ್ತು ರಾತ್ರಿ ತಿರುಗಿ, ಬಾಗಿ, ಜಿಗಿದವರು ಹತ್ತನೆಯ ದಿನ ಮಂಡಿ ನೀವಿಕೊಳ್ಳುತ್ತಾರೆ. ಅಭ್ಯಾಸವಿಲ್ಲದ ಕಾಲಿಗೆ ಹೊರೆ ಏಕಾಏಕಿ ಬಿತ್ತು, ಅಷ್ಟೇ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ತೂಕದ್ದು ಒಂದಿದೆ: ಹುಲ್ಲಿನ ಮೇಲೆ ಓಡಿದರೆ ನೋವು ಕಡಿಮೆಯಾಗುತ್ತದಲ್ಲ? ಅನೇಕರಿಗೆ ಆಗುತ್ತದೆ, ಅವರ ಅನುಭವ ಸುಳ್ಳಲ್ಲ. ಹುಲ್ಲು ಅಥವಾ ಮಣ್ಣಿನ ಮೇಲೆ ವೇಗ ತಾನಾಗಿ ತಗ್ಗುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ಒಂದು ಹೆಜ್ಜೆಯಂತೆ ಇನ್ನೊಂದಿರುವುದಿಲ್ಲ. ಹೆಜ್ಜೆ ಗಿಡ್ಡ ಮಾಡಿ ನಿಮಿಷಕ್ಕೆ ಶೇ 5ರಿಂದ 10ರಷ್ಟು ಹೆಚ್ಚು ಹೆಜ್ಜೆ ಹಾಕಿದರೆ ಮಂಡಿಯ ಹೊರೆ ಇಳಿಯುತ್ತದೆ ಎಂದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲೇ ತೋರಿಸಿದ್ದಾರೆ, ಅದಕ್ಕೆ ಹುಲ್ಲೇ ಬೇಕೆಂದಿಲ್ಲ. ಹಾಗೆಂದು ನೆಲಕ್ಕೆ ಪೂರ್ತಿ ಖುಲಾಸೆ ಕೊಡಲಾರೆ. ರಿವರ್‌ಫ್ರಂಟಿನ ಕೊರತೆ ಅದರ ಗಟ್ಟಿತನಕ್ಕಿಂತ ಅದರ ಏಕತಾನತೆಯಲ್ಲಿದೆ. ತಿರುವು, ಏರಿಳಿತ ಇಲ್ಲದ ನೇರ ಹಾದಿಯಲ್ಲಿ ಒಂದೇ ಕೋನದ ಹೆಜ್ಜೆ ಸಾವಿರಾರು ಸಲ ಒಂದೇ ಜಾಗವನ್ನು ಉಜ್ಜುತ್ತದೆ. ಬೆಂಗಳೂರಿನ ಕಬ್ಬನ್ ಪಾರ್ಕಿನ ಮಣ್ಣುದಾರಿಯಲ್ಲಿ ಓಡಿದವರಿಗೆ ಈ ವ್ಯತ್ಯಾಸ ತಿಳಿಯುತ್ತದೆ. ವಡೋದರಾದವರಿಗೆ 1879ರಲ್ಲಿ ಸಯಾಜಿರಾವ್ ಗಾಯಕವಾಡರು ಕಟ್ಟಿಸಿದ ಕಮಾಟಿ ಬಾಗ್ ಇದೆ. ನೀರು ಹರಿಯಲೆಂದು ಅಂಚಿಗೆ ವಾಲಿಸಿದ ರಸ್ತೆಯಲ್ಲಿ ಸದಾ ಒಂದೇ ಬದಿ ಓಡುವುದಕ್ಕಿಂತ ಅದು ಎಷ್ಟೋ ವಾಸಿ. ಆದರೆ ಮೆತ್ತನೆಯದೆಲ್ಲ ಹಿತವೆಂದು ಸೂರತ್‌ನ ಡುಮಸ್ ಕಡಲತೀರದ ಕಪ್ಪು ಮರಳಿಗೆ ಇಳಿದರೆ ಹಿಮ್ಮಡಿ ಹೂತು, ಹೊರೆ ಮೀನಖಂಡಕ್ಕೂ ಹಿಮ್ಮಡಿಯ ರಜ್ಜುವಿಗೂ ದಾಟುತ್ತದೆ. ನೋವಿನ ಜಾಗ ಬದಲಾಗಬಹುದು, ಅಷ್ಟೇ.

ಓಟವೇ ಮಂಡಿಯನ್ನು ಸವೆಸುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಮಂಡಿ ಅಥವಾ ಸೊಂಟದ ಕೀಲು ಸವೆದವರ ಪ್ರಮಾಣ ಹವ್ಯಾಸಿ ಓಟಗಾರರಲ್ಲಿ ಶೇ 3.5, ಓಡದವರಲ್ಲಿ ಶೇ 10.2, ಸ್ಪರ್ಧಾ ಮಟ್ಟದ ಓಟಗಾರರಲ್ಲಿ ಶೇ 13.3. ಮಂಡಿ ಚೆನ್ನಾಗಿದ್ದವರೇ ಓಟ ಮುಂದುವರಿಸಿರಬಹುದು ಎಂಬ ತಕರಾರು ನ್ಯಾಯವಾದದ್ದೇ. ಈ ಅಂಕಿ ಓಟವನ್ನು ಔಷಧವೆಂದು ಸಾಬೀತುಪಡಿಸುವುದಿಲ್ಲ. ಆದರೆ ಹದವಾಗಿ ಓಡಿದರೆ ಮಂಡಿ ಹಾಳಾಗಿಯೇ ಆಗುತ್ತದೆ ಎಂಬ ಭಯಕ್ಕೆ ಇಲ್ಲಿ ಆಧಾರ ಸಿಗುವುದಿಲ್ಲ. ಮೃದ್ವಸ್ಥಿಗೆ ರಕ್ತನಾಳವಿಲ್ಲ, ಒತ್ತಿ ಬಿಡುವ ಚಲನೆಯಲ್ಲೇ ಅದಕ್ಕೆ ಪೋಷಣೆ ಒದಗುತ್ತದೆ. ಊತವಿದ್ದು, ಮಂಡಿ ಹಿಡಿದುಕೊಳ್ಳುವವರ ಅಥವಾ ಕುಸಿಯುವವರ ಮಾತು ಬೇರೆ, ಅವರು ವೈದ್ಯರನ್ನು ಕಾಣಲೇಬೇಕು.

ಆದ್ದರಿಂದ ನನ್ನ ತಕರಾರು ಓಟದ ಆಯೋಜಕರ ಜೊತೆಗೂ ಇದೆ. ನವೆಂಬರಿನ 21 ಕಿಲೋಮೀಟರಿಗೆ ಹೆಸರು ಬರೆಸಿಕೊಳ್ಳುವಾಗಲೇ, ಜೂನ್‌ನಿಂದ ವಾರಕ್ಕೆ ಮೂರು ದಿನ ನಡಿಗೆ ಬೆರೆಸಿದ ಓಟ, ಎರಡು ದಿನ ತೊಡೆ ಸೊಂಟಗಳ ವ್ಯಾಯಾಮ ಎಂದು ಬರೆದ ಒಂದು ಹಾಳೆಯನ್ನು ಕೈಗಿಡಬೇಕು. ಓಡುವವರಿಗೆ ಅಳತೆಗೋಲು ರಿವರ್‌ಫ್ರಂಟಿನ ಮೆಟ್ಟಿಲಲ್ಲೇ ಇದೆ. ಓಡಿದ ಮರುದಿನ ಬೆಳಿಗ್ಗೆ ಕೆಳಗಿನ ಪಥಕ್ಕೆ ಇಳಿಯುವಾಗ ನೋವು ಹಿಂದಿನ ದಿನಕ್ಕಿಂತ ಹೆಚ್ಚಿದ್ದರೆ ಆ ವಾರದ ದೂರ ತಗ್ಗಿಸಬೇಕು; ಅಷ್ಟೇ ಇದ್ದರೆ ಅಥವಾ ಇಳಿದಿದ್ದರೆ ಅದೇ ಕಾಂಕ್ರೀಟಿನ ಮೇಲೆ ಗಿಡ್ಡ ಹೆಜ್ಜೆಯಲ್ಲಿ ಮುಂದುವರಿಯಬಹುದು.