ಕೋಡಿ ಮೇಲೆ ಮರಳು ಮೂಟೆ

ಟರ್ಬೊ ಕಾರಿಗೆ ಯಾವ ಬೂಸ್ಟ್ ಕಂಟ್ರೋಲರ್ ತಗೊಳ್ಳೋದು ಅಂತ ಹುಡುಕಿದರೆ ಸಿಗುವ ವಿಮರ್ಶೆಗಳೆಲ್ಲ ಹೆಚ್ಚು ಕಡಿಮೆ ಒಂದೇ ಥರ. ಪರದೆ ಎಷ್ಟು ಚೆಂದ, ರಾತ್ರಿ ಯಾವ ಬಣ್ಣದಲ್ಲಿ ಹೊಳೆಯುತ್ತೆ, ಎಷ್ಟು ಪಿಎಸ್‌ಐ ಅಲುಗಾಡದೆ ಹಿಡಿಯುತ್ತೆ. ಒಂದು ಪೈಪು ಕಳಚಿದರೆ ಏನಾಗುತ್ತೆ ಅನ್ನೋದನ್ನ ಯಾರೂ ಬರೆಯಲ್ಲ. ನನ್ನನ್ನು ಕೇಳಿದಾಗ ನಾನೂ ಅದನ್ನು ಹೇಳಿರಲಿಲ್ಲ.

ಇದು ಏನು ಅಂತ ಮೊದಲು ಹೇಳಿಬಿಡ್ತೀನಿ. ಇಂಜಿನ್ನಿನ ಹೊಗೆ ಟರ್ಬೊ ಚಕ್ರ ತಿರುಗಿಸುತ್ತೆ, ಆ ಚಕ್ರ ಇಂಜಿನ್ನಿಗೆ ಇನ್ನಷ್ಟು ಗಾಳಿ ತುರುಕುತ್ತೆ. ಹೆಚ್ಚಾದ ಹೊಗೆ ಪಕ್ಕದಿಂದ ಹೋಗಲಿ ಅಂತ ವೇಸ್ಟ್‌ಗೇಟ್ ಅನ್ನೋ ಬಾಗಿಲು. ನಮ್ಮೂರ ಕೆರೆಯ ಕೋಡಿ ಇದ್ದ ಹಾಗೆ; ಕೆರೆ ತುಂಬಿದ ಮೇಲೆ ನೀರು ಅಲ್ಲಿಂದ ಹರಿದರೇನೇ ಏರಿ ಉಳಿಯೋದು. ಬಾಗಿಲು ಮುಚ್ಚಿ ಹಿಡಿದಿರೋದು ಒಂದು ಸ್ಪ್ರಿಂಗು. ಟರ್ಬೊದಿಂದ ಬರುವ ಸಣ್ಣ ಪೈಪಿನ ಗಾಳಿ ಆ ಸ್ಪ್ರಿಂಗನ್ನು ಒತ್ತಿ ಬಾಗಿಲು ತೆರೆಯುತ್ತೆ. ಕಂಟ್ರೋಲರ್ ಆ ಪೈಪಿನ ನಡುವೆ ಸೊಲೆನಾಯ್ಡ್ ವಾಲ್ವ್ ಕೂರಿಸಿ, ಸೆಕೆಂಡಿಗೆ 20-30 ಸಲ ಟಿಕ್ ಟಿಕ್ ಅನ್ನಿಸಿ, ಒಂದಿಷ್ಟು ಗಾಳಿ ಹೊರಗೆ ಬಿಡುತ್ತೆ. ಸ್ಪ್ರಿಂಗಿಗೆ ಒತ್ತಡ ಕಡಿಮೆ ಮುಟ್ಟುತ್ತೆ, ಬಾಗಿಲು ತಡವಾಗಿ ತೆರೆಯುತ್ತೆ. ಇನ್ನೊಂದು ಅಡಿ ನೀರು ನಿಲ್ಲಲಿ ಅಂತ ಕೋಡಿ ಮೇಲೆ ಮರಳು ಮೂಟೆ ಪೇರಿಸ್ತಾರಲ್ಲ, ಅದೇ ಕೆಲಸ.

ನನ್ನ ಕಾಲೇಜಿನ ರೂಮ್‌ಮೇಟ್ ಒಹಾಯೊದಲ್ಲಿದ್ದ. ಪ್ರಾಜೆಕ್ಟ್ ಮೇಲೆ ಹೋಗಿ ನಾನೂ ಅವನ ಮನೆಯಲ್ಲೇ ಇದ್ದೆ. ಅವನ ಹತ್ರ 1990ರ ಮಾಜ್ದಾ ಮಿಯಾಟಾ. ಕಂಪನಿಯಿಂದ ಟರ್ಬೊ ಇಲ್ಲದೆ ಬಂದ 1.6 ಲೀಟರ್ ಇಂಜಿನ್ನಿಗೆ ಇವನೇ ಟರ್ಬೊ ಹಾಕಿ, ಮೆಗಾಸ್ಕ್ವರ್ಟ್ ಅನ್ನೋ ಇಸಿಯು ಕೂರಿಸಿದ್ದ. ಸ್ಪ್ರಿಂಗು 6 ಪಿಎಸ್‌ಐದು, ಅವನಿಗೆ 10 ಬೇಕು. ‘ನೀನು ಸಾಫ್ಟ್‌ವೇರ್‌ನವನು, ಯಾವ್ದು ತಗೊಳ್ಲಿ ಹೇಳು ಮಗಾ’ ಅಂದ.

ನಾನು ಮ್ಯಾನುಯೆಲ್‌ಗಳನ್ನೆಲ್ಲ ಓದಿದೆ. ಟರ್ಬೊಸ್ಮಾರ್ಟ್‌ನವರ ಇಬೂಸ್ಟ್2ನಲ್ಲಿ ಗೇಟ್ ಪ್ರೆಷರ್, ಸೆಟ್ ಪಾಯಿಂಟ್, ಸೆನ್ಸಿಟಿವಿಟಿ. ಗ್ರೆಡ್ಡಿ ಪ್ರೊಫೆಕ್‌ನಲ್ಲಿ ಸ್ಟಾರ್ಟ್ ಬೂಸ್ಟ್, ಸೆಟ್, ಗೇನ್. ಹೆಸರು ಬೇರೆ, ಕೇಳುವ ಪ್ರಶ್ನೆ ಒಂದೇ: ಎಲ್ಲಿವರೆಗೆ ಬಾಗಿಲು ಪೂರ್ತಿ ಮುಚ್ಚಿರ್ಲಿ, ಗುರಿ ಎಷ್ಟು, ಗುರಿ ತಪ್ಪಿದರೆ ಎಷ್ಟು ಜೋರಾಗಿ ಸರಿಪಡಿಸ್ಲಿ. ನಿಜಕ್ಕೂ ಚೆನ್ನಾಗಿ ಯೋಚಿಸಿ ಮಾಡಿದ ವಸ್ತುಗಳು. ನಾನು ಸಿಕ್ಕಿಬಿದ್ದದ್ದೂ ಅಲ್ಲೇ. ಮೆನು ಅಚ್ಚುಕಟ್ಟಾಗಿದ್ದ ಒಂದನ್ನು ಹೇಳಿದೆ (ಯಾವುದು ಅಂತ ಬರೆಯಲ್ಲ, ತಪ್ಪು ಅದರದ್ದಲ್ಲ). ಮಿತಿ ದಾಟಿದರೆ ಕೂಗಿ, ಸೊಲೆನಾಯ್ಡನ್ನು ತಾನೇ ಆಫ್ ಮಾಡುತ್ತೆ ಅಂತ ಹೊಗಳಿಯೂ ಇದ್ದೆ.

ಒಂದು ಭಾನುವಾರ ಹೈವೇಗೆ ಏರುವಾಗ ವೇಸ್ಟ್‌ಗೇಟ್ ಕಡೆಯ ಪೈಪು ಕಳಚಿತು. ಕ್ಲಾಂಪ್ ಹಾಕದೆ ಬಿಟ್ಟಿದ್ದವರು ನಾವೇ. ಪರದೆಯಲ್ಲಿ 12, 15, 17. ಪೆಟ್ಟಿಗೆ ಕೂಗಿತು, ಸೊಲೆನಾಯ್ಡ್ ಆಫ್ ಮಾಡಿತು. ಮಾಡಬೇಕಾದ್ದನ್ನೇ ಮಾಡಿತು. ಸೊಲೆನಾಯ್ಡ್ ಆಫ್ ಆದರೆ ಗಾಳಿಯೆಲ್ಲ ಸ್ಪ್ರಿಂಗಿಗೆ ಹೋಗಿ ಬೂಸ್ಟ್ 6ಕ್ಕೆ ಇಳೀಬೇಕು. ಆದರೆ ಗಾಳಿ ಹೋಗೋ ಪೈಪೇ ಇಲ್ವಲ್ಲ! ಅವನು ಕಾಲು ತೆಗೆಯೋ ಅಷ್ಟರಲ್ಲಿ ಟಕಟಕ ಸದ್ದು, ಹಿಂದೆ ನೀಲಿ ಹೊಗೆ. ಬಿಚ್ಚಿ ನೋಡಿದರೆ ಪಿಸ್ಟನ್ನಿನ ರಿಂಗ್ ಲ್ಯಾಂಡ್ ಒಡೆದಿತ್ತು. ಪಕ್ಕದ ಸೀಟಿನಲ್ಲಿ ನಾನೇ ಇದ್ದೆ. ಹಿಂದಿನಿಂದ ಲಾರಿ ಬರ್ತಿತ್ತು, ಅವನು ಹೇಗೋ ಪಕ್ಕಕ್ಕೆ ತಗೊಂಡ.

ಹೊಟ್ಟೆ ಉರಿಸಿದ್ದು ಮಾತ್ರ ಬೇರೆ. ಇಂಜಿನ್ನಿಗೆ ಪೆಟ್ರೋಲ್ ಹಾಕೋದು ಇಸಿಯು. ಬೂಸ್ಟ್ ಕಂಟ್ರೋಲರಿಗೆ ಪೆಟ್ರೋಲೂ ಗೊತ್ತಿಲ್ಲ, ಕಿಡಿಯೂ ಗೊತ್ತಿಲ್ಲ. ಪೆಟ್ರೋಲ್ ನಿಲ್ಲಿಸೋ ಅಧಿಕಾರ ಅದಕ್ಕಿಲ್ಲ. ಒತ್ತಡ ಮಿತಿ ಮೀರಿದರೆ ಪೆಟ್ರೋಲ್ ಕಟ್ ಮಾಡುವ ಸೆಟ್ಟಿಂಗ್ ಅದೇ ಮೆಗಾಸ್ಕ್ವರ್ಟ್‌ನಲ್ಲಿತ್ತು, ನಾವು ಆನ್ ಮಾಡಿರಲಿಲ್ಲ. ಬೂಸ್ಟ್ ಕಂಟ್ರೋಲ್ ಮಾಡುವ ಸೌಲಭ್ಯವೂ ಅದರೊಳಗೇ ಇತ್ತು. ಒಂದು ಸೊಲೆನಾಯ್ಡ್ ಸಾಕಿತ್ತು. ಆಫೀಸಿನಲ್ಲಿ ಬೇರೆಯವರ ಕೋಡಿಗೆ ‘ಇದು ಫೇಲ್ ಆದ್ರೆ?’ ಅಂತ ಕಾಮೆಂಟ್ ಬರೆದು ಸಂಬಳ ತಗೊಳ್ಳೋನು ನಾನು.

ಹಾಗಾಗಿ ಈಗ ಯಾರಾದರೂ ಕೇಳಿದರೆ ನನ್ನ ಸಾಲು ಬೇರೆ. ನಿನ್ನ ಇಸಿಯು ತಾನೇ ಬೂಸ್ಟ್ ನೋಡಿಕೊಳ್ಳುತ್ತಾ? ಹಾಗಿದ್ರೆ ಇನ್ನೊಂದು ಪೆಟ್ಟಿಗೆ ಬೇಡ. ನೋಡಿಕೊಳ್ಳಲ್ವಾ? ಮೊದಲು ಗುರಿಗಿಂತ ಎರಡು ಪಿಎಸ್‌ಐ ಮೇಲೆ ಪೆಟ್ರೋಲ್ ಕಟ್ ಆಗೋ ಹಾಗೆ ಮಾಡು, ಆಮೇಲೆ ಪೆಟ್ಟಿಗೆ ಆರಿಸು. ಪರದೆಯ ಬಣ್ಣ ನಿನ್ನಿಷ್ಟ.

ಮೊನ್ನೆ ನಮ್ಮ ಟೀಮಿನ ಹುಡುಗ ಹೊಸ ವರ್ಟಸ್ 1.0 ಟಿಎಸ್‌ಐ ತಗೊಂಡು ಇದೇ ಪ್ರಶ್ನೆ ತಂದ. ಬೇಸ್‌ಮೆಂಟಿನಲ್ಲಿ ಬಾನೆಟ್ ಎತ್ತಿಸಿ ತೋರಿಸಿದೆ. ಅದರ ವೇಸ್ಟ್‌ಗೇಟನ್ನು ತಿರುಗಿಸೋದು ಇಸಿಯು ಹೇಳಿದಂತೆ ಕೇಳುವ ಒಂದು ಪುಟ್ಟ ಮೋಟಾರು. ಸೊಲೆನಾಯ್ಡ್ ಸಿಕ್ಕಿಸೋಕೆ ಜಾಗವೇ ಇಲ್ಲ. ವಾರಂಟಿ ಇದೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಮ್ಮೂ ಇದೆ ಅಂದೆ. ಅವನು ಸ್ವಲ್ಪ ಹೊತ್ತು ಬಗ್ಗಿ ನೋಡಿ, ‘ಹಂಗಾದ್ರೆ ಬರೀ ಗೇಜ್ ಹಾಕಿಸ್ಲಾ ಸಾರ್?’ ಅಂದ. ಹಾಕ್ಸು ಅಂದೆ.